ರಸಮಟ್ಟದ ಸಾಹೇಬರು

ಫ್ರಾನ್ಸಿನ ದೋರ್ದೋಞ್ ಸೀಮೆಯ ಹಲವು ಹಳ್ಳಿಗಳಲ್ಲಿ ಊರಾಚೆಗೆ ಮೋಟರ್‌ಹೋಮ್‌ಗಳು ತಂಗುವ ಬಯಲೊಂದಿರುತ್ತದೆ. ಅದಕ್ಕೆ ‘ಏರ್’ ಅನ್ನುತ್ತಾರೆ. ಏರ್ ಇದ್ದಲ್ಲಿ ಸಾಹೇಬರೂ ಇದ್ದೇ ಇರುತ್ತಾರೆ. ಇಂಗ್ಲೆಂಡಿನವರು, ನಿವೃತ್ತ ಇಂಜಿನಿಯರು. ಮೊಣಕಾಲುದ್ದದ ಚಡ್ಡಿ, ಹಣೆಗೆ ಕಟ್ಟಿದ ಟಾರ್ಚು, ಅದೂ ಹಾಡಹಗಲಲ್ಲಿ.

ನೀವು ಗಾಡಿ ನಿಲ್ಲಿಸುವುದೇ ತಡ, ರಸಮಟ್ಟ ಹಿಡಿದು ಹಾಜರು. “ಎಡಗಡೆ ಹಿಂದಿನ ಚಕ್ರ ತಗ್ಗಿದೆ. ನಿಮ್ಮ ಫ್ರಿಜ್ ಕೆಲಸ ಮಾಡೋದಿಲ್ಲ.” ಮಾತು ಸುಳ್ಳಲ್ಲ. ಗ್ಯಾಸಿನಿಂದಲೂ ನಡೆಯುವ ಈ ಫ್ರಿಜ್‌ಗಳಿಗೆ ಕಂಪ್ರೆಸರ್ ಇಲ್ಲ. ಅಮೋನಿಯಾ ದ್ರಾವಣ ತನ್ನ ಭಾರಕ್ಕೆ ತಾನೇ ಕೊಳವೆಯಲ್ಲಿ ಇಳಿಯಬೇಕು. ಗಾಡಿ ವಾಲಿದರೆ ಅದು ಅಲ್ಲಲ್ಲೇ ನಿಂತು ಬೆಣ್ಣೆ ಕರಗಿ ಎಣ್ಣೆಯಾಗುತ್ತದೆ. ಚಕ್ರದಡಿ ಒಂದು ಬೆಣೆ ತಳ್ಳಿದರೆ ಮುಗಿಯಿತು. ಆದರೆ ಸಾಹೇಬರಿಗೆ ಬೆಣೆ ತಳ್ಳುವ ಆತುರವಿಲ್ಲ. ಮೊದಲು ನಿಮಗೆ ಅಮೋನಿಯಾ ಅರ್ಥವಾಗಬೇಕು.

ಗ್ಯಾಸಿನ ಕಥೆ ಇನ್ನೂ ದೊಡ್ಡದು. ಇಂಗ್ಲೆಂಡಿನ ಸಿಲಿಂಡರ್ ಖಾಲಿಯಾದರೆ ಫ್ರಾನ್ಸಿನ ಅಂಗಡಿಯವರು ಬದಲಾಯಿಸಿ ಕೊಡುವುದಿಲ್ಲ, ಅದರ ತಿರುಪೂ ಬೇರೆ. ಸಾಹೇಬರ ಬಳಿ ಯುರೋಪಿನ ಅಷ್ಟೂ ತಿರುಪುಗಳ ಒಂದು ಚೀಲವೇ ಇದೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಮೊಂಡು ಹಿಡಿಯುತ್ತದೆ, ಪ್ರೊಪೇನ್ ಆದರೆ ಮೈನಸ್ 42ರವರೆಗೂ ಅನಿಲವಾಗಿ ಏಳುತ್ತದೆ ಎಂದು ಅವರು ಎಚ್ಚರಿಸುವುದು ಜುಲೈ ತಿಂಗಳ ಬಿಸಿಲಲ್ಲಿ, ನಿಮ್ಮ ನೆತ್ತಿ ಸುಡುತ್ತಿರುವಾಗ.

ಕರೆಂಟಿನ ಲೆಕ್ಕವೂ ಬಾಯಿಪಾಠ. ಅಲ್ಲಿನ ಎಷ್ಟೋ ಕ್ಯಾಂಪಿಂಗ್ ತಾಣಗಳು ಕೊಡುವುದು 6 ಆಂಪಿಯರ್. 230 ವೋಲ್ಟಿನಿಂದ ಗುಣಿಸಿ, 1,380 ವ್ಯಾಟ್. ಮನೆಯಿಂದ ತಂದ ಕೆಟಲ್ ಎರಡು ಸಾವಿರಕ್ಕೂ ಮೇಲೆ ಕೇಳುತ್ತದೆ. ಇದನ್ನು ಎಲ್ಲರಿಗೂ ಕಾಗದದ ಮೇಲೆ ಬಿಡಿಸಿ ತೋರಿಸಿರುತ್ತಾರೆ. ಸಂಜೆ ನಾಲ್ಕಕ್ಕೆ ಟಪ್ ಅಂತ ಕರೆಂಟು ಹೋದರೆ, ಚಹಾಕ್ಕೆ ಕೆಟಲ್ ಹಚ್ಚಿದವರು ಮಾತ್ರ ಅವರೇ.

ಇಷ್ಟೆಲ್ಲ ಬಲ್ಲ ಸಾಹೇಬರನ್ನು ಸೋಲಿಸಿದ್ದು ಫ್ರೆಂಚರ ಮಧ್ಯಾಹ್ನದ ಊಟ. ಏರ್‌ನ ನೀರಿನ ಕಂಬಕ್ಕೆ ‘ಜೆತೋನ್’ ಎಂಬ ಬಿಲ್ಲೆ ಹಾಕಬೇಕು; ಬಿಲ್ಲೆ ಸಿಗುವುದು ಊರಿನ ಬ್ರೆಡ್ ಅಂಗಡಿಯಲ್ಲಿ. ಹನ್ನೆರಡೂವರೆಗೆ ಹೋದರೆ ಬಾಗಿಲು ಹಾಕಿದೆ. ಮೂರಕ್ಕೆ ಹೋದರೂ ಹಾಕಿದೆ, ಏಕೆಂದರೆ ಅಂದು ಸೋಮವಾರ, ಅಂಗಡಿಗೆ ರಜೆ. ಪಾಪ, ಬಾಗಿಲಿಗೆ ಅಂಟಿಸಿದ ವೇಳಾಪಟ್ಟಿಯನ್ನು ಕೈಯಲ್ಲಿ ಉಪಕರಣವಿಲ್ಲದೆ ಓದುವ ಅಭ್ಯಾಸ ಅವರಿಗಿಲ್ಲ. ಹಿಂತಿರುಗಿದವರೇ ಕಂಬದ ಮುಂದೆ ಕೂತು ತಿರುಪುಳಿಯಿಂದ ಅದರ ಮುಚ್ಚಳವನ್ನು ಮೆಲ್ಲಗೆ ತಟ್ಟತೊಡಗಿದರು. ಸುತ್ತ ನಾಲ್ಕು ಜನ ಸೇರಿದರು: ಒಬ್ಬ ಜರ್ಮನಿಯವ, ಇಬ್ಬರು ಡಚ್ಚರು, ಮತ್ತು ನಾನು. ಚರ್ಚೆ ನೀರಿನಿಂದ ಸ್ಪ್ರಿಂಗಿಗೆ, ಸ್ಪ್ರಿಂಗಿನಿಂದ ಸೊಲೆನಾಯ್ಡಿಗೆ ಹರಿಯಿತು. ನೀರೊಂದು ಮಾತ್ರ ಹರಿಯಲಿಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಪಕ್ಕದ ತೋಟದ ಮನೆಗೆ ಹೋಗಿ, ಮೊದಲು ನಗುತ್ತಾ ‘ಬೋಂಜೂರ್’ ಹೇಳಿ, ಆಮೇಲೆ ಖಾಲಿ ಬಕೆಟ್ ತೋರಿಸಿದ್ದರು. ಆಕೆಯ ಫ್ರೆಂಚು ಅಲ್ಲಿಗೆ ಮುಗಿಯುತ್ತದೆ; ಕೆಲಸವೂ ಮುಗಿದಿತ್ತು. ಮನೆಯೊಡತಿ ಬೇಲಿಯ ಮೇಲಿಂದ ತೋಟದ ಪೈಪನ್ನೇ ಎಸೆದರು, ಜೊತೆಗೆ ಒಂದು ಬುಟ್ಟಿ ಪ್ಲಮ್ ಹಣ್ಣು.

ಸಾಹೇಬರು ಪೈಪಿನ ತುದಿಯನ್ನು ಟಾರ್ಚಿನ ಬೆಳಕಲ್ಲಿ ಪರೀಕ್ಷಿಸಿದರು. ಕುಡಿಯುವ ನೀರಿಗೆ ಈ ಬಗೆಯ ಪ್ಲಾಸ್ಟಿಕ್ ತಕ್ಕದ್ದಲ್ಲ ಎಂದರು. ಟ್ಯಾಂಕು ಅರ್ಧ ತುಂಬುವ ಹೊತ್ತಿಗೆ, ಪ್ರೆಷರ್ ಕೂಡ ಸ್ವಲ್ಪ ಕಡಿಮೆ ಎಂದು ನನ್ನ ಕಡೆ ನೋಡಿದರು. ನಾನು ಪ್ಲಮ್ ತಿನ್ನುತ್ತಿದ್ದೆ.