ವರಾಹಬಲ ಮೀಮಾಂಸೆ

ವಿಷಯ: ಬದುಕು ಮಗ್ಗುಲು ಬದಲಿಸುವಾಗ ಪ್ರಾಣಿಯಿಂದ ಬಲ ಪಡೆಯಬಹುದೇ? ಪಡೆಯಬಹುದಾದರೆ ಯಾವ ಪ್ರಾಣಿಯಿಂದ, ಎಷ್ಟು ಗಂಟೆಗೆ?

ಕ್ಷೇತ್ರ: ನೆಲ್ಯಾಡಿ. ಬೆಂಗಳೂರಿಗೆ ಹೋಗುವ ಬಸ್ಸು ಉಪ್ಪಿನಂಗಡಿ ದಾಟಿ ಶಿರಾಡಿ ಘಾಟಿ ಹತ್ತುವ ಮೊದಲು ಸಿಗುವ ಊರು. ಪುತ್ತೂರು ತಾಲೂಕಿನಲ್ಲಿದ್ದದ್ದು ಈಗ ಕಡಬಕ್ಕೆ ಸೇರಿದೆ, ಕೂತಲ್ಲೇ ವರ್ಗಾವಣೆ.

ಪೂರ್ವಪಕ್ಷ: ನಿವೃತ್ತಿಯ ಹೊಸ್ತಿಲಲ್ಲಿ ಪ್ರಬಂಧಕಾರನನ್ನು ಬೆಂಗಳೂರಿನ ಶಿಬಿರವೊಂದರಲ್ಲಿ ಕಣ್ಣು ಮುಚ್ಚಿಸಿ ಕೂರಿಸಿ, 'ನಿಮ್ಮೊಳಗಿನ ಪ್ರಾಣಿಯನ್ನು ಆರಿಸಿಕೊಳ್ಳಿ' ಎಂದರು. ಸಿಂಹ, ಹದ್ದುಗಳಿಗೆ ನೂಕುನುಗ್ಗಲು, ಹೆಗ್ಗಣವನ್ನು ಕೇಳುವವರಿಲ್ಲ. ನಾನು ಹದ್ದಿನೊಂದಿಗೆ ಊರಿಗೆ ಮರಳಿದೆ.

ಆಕ್ಷೇಪ: ಆರಿಸಿಕೊಳ್ಳಲು ನಾವ್ಯಾರು? ಜಾತಕದ ಯೋನಿಕೂಟದಲ್ಲಿ ಮಘಾ ನಕ್ಷತ್ರದವನು ಇಲಿ, ಪುನರ್ವಸುವಿನವಳು ಬೆಕ್ಕು. ಇವರಿಬ್ಬರ ಮದುವೆಯ ಮಾತೆತ್ತಿದರೆ ಜೋಯಿಸರು ಕನ್ನಡಕ ತೆಗೆದು ಒರೆಸುತ್ತಾರೆ. ನನ್ನದು ಮಘಾ. ಇಲಿಯ ಮೇಲೆ ಹದ್ದು ಕೂತರೆ ಬಲ ಯಾರಿಗೆ?

ಸಿದ್ಧಾಂತ: ತುಳುವಿನಲ್ಲಿ ಹಂದಿ ಎಂದರೆ ಪಂಜಿ; ದೈವವಾದರೆ ಪಂಜುರ್ಲಿ. ಪಾರ್ವತಿ ಮುದ್ದಿನಿಂದ ಸಾಕಿದ ಹಂದಿಮರಿ ಬೆಳೆದು ಈಶ್ವರನ ತೋಟವನ್ನೇ ಬುಡಮೇಲು ಮಾಡಿತಂತೆ. ಸಿಟ್ಟಾದ ಈಶ್ವರ ಅದನ್ನು ಭೂಮಿಗೆ ಅಟ್ಟಿ, ಜನರನ್ನು ಕಾಯುವ ಕೆಲಸಕ್ಕೆ ಹಚ್ಚಿದನಂತೆ. ಕಚೇರಿಯ ಭಾಷೆಯಲ್ಲಿ ಇದು ಕರ್ತವ್ಯಲೋಪ, ವರ್ಗಾವಣೆ, ಬಡ್ತಿ, ಮೂರೂ ಒಂದೇ ಆದೇಶದಲ್ಲಿ. ಕೆಲಸ ಕಳೆದುಕೊಂಡವನಿಗೆ ಇದಕ್ಕಿಂತ ದೊಡ್ಡ ಧೈರ್ಯ ಯಾವ ಹದ್ದು ಕೊಟ್ಟೀತು?

ಪ್ರತ್ಯಕ್ಷ ಪ್ರಮಾಣ: ರಾತ್ರಿ 2 ಗಂಟೆ. ಮರಗೆಣಸಿನ ಸಾಲಿನಲ್ಲಿ ಗುಟುರು. ಟಾರ್ಚು ಬಿಟ್ಟರೆ ಮಗುಚಿದ ಮಣ್ಣು, ಅರ್ಧ ಕಚ್ಚಿ ಬಿಟ್ಟ ಗೆಣಸು, ಅದರ ಬಿಳಿ ತಿರುಳಿಗೆ ಅಂಟಿದ ಕೆಸರು. 'ನಿಮ್ಮ ಹದ್ದನ್ನು ಕಳಿಸಿ' ಎಂದು ಹೆಂಡತಿ ಒಳಗಿನಿಂದಲೇ ಸಲಹೆ ಕೊಟ್ಟಳು. ನಾನು ಎಣ್ಣೆಡಬ್ಬಿ ಬಡಿದೆ. ಹಂದಿ ಹೋಯಿತು. ತಕ್ಷಣ ಪಂಜುರ್ಲಿಯ ಕೋಲದ ನೆನಪಾಗಿ, ಹೋದ ದಿಕ್ಕಿಗೆ ಕೈಮುಗಿದೆ. ಬಡಿಯುವುದಕ್ಕೂ ಮುಗಿಯುವುದಕ್ಕೂ ಇರುವುದು ಒಂದೇ ಜೊತೆ ಕೈ ಎಂಬುದು ಈ ಅಧ್ಯಯನದ ಮುಖ್ಯ ಶೋಧ.

ಫಲಶ್ರುತಿ: ನಿವೃತ್ತನಿಗೆ ಬೆಳಿಗ್ಗೆ ಏಳಲು ಕಾರಣವಿರುವುದಿಲ್ಲ ಎನ್ನುತ್ತಾರೆ. ನನಗೆ ಮಲಗಲು ಪುರುಸೊತ್ತಿಲ್ಲ. ಮೇಲಧಿಕಾರಿ ದಿನವೂ ಸಮಯಕ್ಕೆ ಸರಿಯಾಗಿ ಬರುತ್ತಾನೆ, ಕಡತ ನೋಡುವುದಿಲ್ಲ, ನೇರ ಬುಡಕ್ಕೇ ಕೈಹಾಕುತ್ತಾನೆ. ಇದನ್ನು ಮೂರು ಸಲ ಪಠಿಸಿದವರ ಗೆಣಸು ಉಳಿಯುವ ಭರವಸೆಯಿಲ್ಲ. ಕೊರಗು ಮಾತ್ರ ಉಳಿಯದು.

ಇತಿ, ತೋಟದ ಅಂಚಿನಲ್ಲಿ ಡಬ್ಬಿಯ ಮೇಲೆ ಕಾಗದವಿಟ್ಟು ಬರೆದ ಈ ಮೀಮಾಂಸೆ ಅಪೂರ್ಣಂ. ಡಬ್ಬಿ ಈಗ ಬೇಕಾಗಿದೆ.