ಕೋಣ ಎನಿಸಿಕೊಂಡವರು

ನಮ್ಮ ಡ್ರಿಲ್ ಮಾಸ್ಟ್ರ ಬಾಯಲ್ಲಿ ಒಮ್ಮೆಯಾದರೂ ‘ಕೋಣ’ ಎನಿಸಿಕೊಳ್ಳದೆ ಹತ್ತನೇ ಕ್ಲಾಸು ದಾಟಿದವರು ಮುಂಡಾಜೆಯ ಕಡೆ ಕಡಿಮೆ. ಕಂಬಳದ ಸೀಮೆಯಲ್ಲಿ ಕೋಣ ಅಂದರೆ ಅರ್ಧ ಬೈಗುಳ, ಅರ್ಧ ಹೊಗಳಿಕೆ. ಓಟದ ಪಂದ್ಯದಲ್ಲಿ ಗೆದ್ದವನಿಗೂ ಅದೇ ಬಿರುದು, ಬಿದ್ದವನಿಗೂ ಅದೇ. ಯಾವುದು ಯಾವ ಅರ್ಥದ್ದು ಎಂದು ಸ್ವರದಿಂದಲೇ ತಿಳಿಯಬೇಕು.

ಅವರ ಆಸ್ತಿ ಎಂದರೆ ಒಂದು ಸೀಟಿ, ಒಂದು ಚೆಂಡು. ಚಾರ್ಮಾಡಿ ಘಟ್ಟದ ಮಳೆ ನಾಲ್ಕು ತಿಂಗಳು ಮೈದಾನವನ್ನು ಕೆರೆ ಮಾಡಿಬಿಡುವುದರಿಂದ, ಚೆಂಡಿಗೆ ಕಪಾಟಿನಲ್ಲಿ ಚಾತುರ್ಮಾಸ್ಯ. ದೀಪಾವಳಿ ಕಳೆದ ಮೇಲೆ ಅದರ ಪುನಃಪ್ರತಿಷ್ಠೆ. ಆಗಿನ ಚೆಂಡಿಗೆ ಬಾಯಿ ಇತ್ತು. ಒಳಗೆ ರಬ್ಬರಿನ ಬ್ಲಾಡರು. ಸೈಕಲ್ ಪಂಪಿನಲ್ಲಿ ಗಾಳಿ ತುಂಬಿ, ಅದರ ಮೂತಿ ಮಡಚಿ, ದಾರ ಬಿಗಿದು, ಒಳಗೆ ತುರುಕಿ, ಮೇಲಿಂದ ಚರ್ಮದ ಲೇಸು ಎಳೆಯಬೇಕು. ಹಲಸಿನಹಣ್ಣು ಕೊಯ್ಯಲು ಕೂತವರ ಹಾಗೆ ಮಾಸ್ಟ್ರು ಚೆಂಡನ್ನು ಮಂಡಿಗಳ ನಡುವೆ ಇಟ್ಟುಕೊಂಡು ಕೂತರೆ ಅರ್ಧ ಪಿರಿಯಡ್ ಅದಕ್ಕೇ ಹೋಗುತ್ತಿತ್ತು. ಲೇಸಿನ ಗಂಟು ಹಣೆಗೆ ಬಡಿದರೆ ಮೂರು ದಿನ ಮುದ್ರೆ.

ಮೈದಾನದ ಕೆಳಗೆ ಅಡಿಕೆ ತೋಟ, ಅದರಾಚೆ ತೋಡು. ಗೋಲ್ ದಾಟಿದ ಚೆಂಡು ಸೀದಾ ತೋಡಿಗೇ. ಹೊಡೆದವನೇ ಇಳಿದು ಹೋಗಿ ತರಬೇಕೆಂಬುದು ಮಾಸ್ಟ್ರ ಕಾನೂನು. ಹಾಗಾಗಿ ನಮ್ಮಲ್ಲಿ ಗೋಲ್ ಹೊಡೆಯುವ ಉತ್ಸಾಹ ಯಾರಿಗೂ ಇರಲಿಲ್ಲ. ಫುಟ್‌ಬಾಲಿನಲ್ಲಿ ನಮ್ಮ ಶಾಲೆ ಹೆಸರು ಮಾಡದಿದ್ದುದಕ್ಕೆ ಕಾರಣ ಆ ಇಳಿಜಾರೇ ಎಂದು ನಾನು ಇಂದಿಗೂ ವಾದಿಸುತ್ತೇನೆ. ವಾಲಿಬಾಲ್ ಆದರೆ ಸಮತಟ್ಟಾದ ಅಡಿಕೆ ಅಂಗಳದಲ್ಲೇ ಆಯಿತು; ಅಡಿಕೆ ಒಣಗಲು ಬರುವವರೆಗೆ.

ಮಾಸ್ಟ್ರು ಕಲಿತದ್ದು ಮದರಾಸಿನ ಸೈದಾಪೇಟೆಯಲ್ಲಿ. 1956ರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿದ್ದರಿಂದ ನಮ್ಮವರಿಗೆ ಕೋರ್ಟಿನ ಅಪೀಲಿಗೂ ಅದೇ ಊರು, ಕಸರತ್ತಿನ ಸರ್ಟಿಫಿಕೇಟಿಗೂ ಅದೇ ಊರು. ಅಲ್ಲಿನ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು 1920ರಲ್ಲಿ ಕಟ್ಟಿದವರು ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ನರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡವನ್ನು ಕರೆದುಕೊಂಡು ಹೋದವರೂ ಅವರೇ. ಬಕ್ ತೀರಿಕೊಂಡದ್ದು 1943ರಲ್ಲಿ, ನಮ್ಮ ಮಾಸ್ಟ್ರು ಅಲ್ಲಿ ಕಾಲಿಡುವ ಮೊದಲೇ. ಆದರೂ ‘ನಮ್ಮ ಬಕ್ ಸಾಯ್ಬ್ರು’ ಎಂದೇ ಹೇಳುತ್ತಿದ್ದರು. ಮೂಲಪುರುಷರ ವಿಷಯದಲ್ಲಿ ಎಲ್ಲರೂ ಹಾಗೆಯೇ ಅಲ್ಲವೇ?

ಬಕ್ ಕಲಿತದ್ದು ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ಕಾಲೇಜಿನಲ್ಲಿ. 1891ರಲ್ಲಿ ಜೇಮ್ಸ್ ನೈಸ್ಮಿತ್ ಅಲ್ಲೇ ಬುಟ್ಟಿ ಕಟ್ಟಿ ಬಾಸ್ಕೆಟ್‌ಬಾಲ್ ಶುರು ಮಾಡಿದರು. ವಂಶವೃಕ್ಷ ಹತ್ತುತ್ತಾ ಹೋದ ನನಗೆ ಅದೇ ಕಾಲೇಜಿನ ಕೊಂಬೆಯಲ್ಲಿ ಸಿಕ್ಕಿದವರು ಅಮೋಸ್ ಅಲೊಂಜೊ ಸ್ಟ್ಯಾಗ್. ಪಾದ್ರಿಯಾಗಲು ಹೊರಟು, ಉಪದೇಶ ನಾಲಿಗೆಗೆ ಒಗ್ಗದೆ, ಚೆಂಡು ಹಿಡಿದ ಜನ. ಸ್ಪ್ರಿಂಗ್‌ಫೀಲ್ಡಿನ ಮೊದಲ ಫುಟ್‌ಬಾಲ್ ತಂಡ ಕಟ್ಟಿದವರು ಅವರು. ಅದು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಅನ್ನಿ, ನಮ್ಮ ತೋಡಿನ ಕಾಟ ಅದಕ್ಕಿಲ್ಲ. 1892ರಲ್ಲಿ ಮೇಷ್ಟ್ರುಗಳಿಗೂ ಹುಡುಗರಿಗೂ ಬಾಸ್ಕೆಟ್‌ಬಾಲ್ ಪಂದ್ಯವಾಗಿ ಮೇಷ್ಟ್ರುಗಳು 5–1ರಲ್ಲಿ ಸೋತರು. ಮಾನ ಉಳಿಸಿದ ಆ ಒಂದು ಸ್ಟ್ಯಾಗರದ್ದು. ಅದೇ ವರ್ಷ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಹೋಗಿ, ಕೋಚ್ ಆಗಿದ್ದೂ ಪ್ರೊಫೆಸರರ ಸಾಲಿನಲ್ಲಿ ಕುರ್ಚಿ ಪಡೆದು, 41 ಸೀಸನ್ ತಂಡ ನಡೆಸಿದರು. ಎಪ್ಪತ್ತಾಯಿತು, ಸಾಕು ಎಂದು ವಿಶ್ವವಿದ್ಯಾಲಯದವರು ಕಳುಹಿಸಿದರೆ, ಈ ಮಹರಾಯ ಕ್ಯಾಲಿಫೋರ್ನಿಯಾದ ಇನ್ನೊಂದು ಕಾಲೇಜಿಗೆ ಹೋಗಿ ಮತ್ತೆ ಸೀಟಿ ಊದಿದರು. ಷಿಕಾಗೊದಲ್ಲಿ ಅವರ ಹೆಸರಿನ ಮೈದಾನದ ಗ್ಯಾಲರಿಯ ಕೆಳಗೇ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಮೊತ್ತಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆಸಿದ್ದು. ನಮ್ಮ ಮೈದಾನದ ಕೆಳಗೆ ಒಂದು ಮುಳ್ಳುಹಂದಿಯ ಮಾಟೆ ಇತ್ತು, ಅಷ್ಟೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಣುವಲ್ಲ, ಬೈಗುಳ. ಸ್ಟ್ಯಾಗ್ ಕೆಟ್ಟ ಮಾತು ಆಡುವವರಲ್ಲ. ಸಿಟ್ಟು ನೆತ್ತಿಗೇರಿದರೆ ‘ಕತ್ತೆ’ ಅನ್ನುವರು. ತಪ್ಪು ದೊಡ್ಡದಾದರೆ ‘ಡಬಲ್ ಕತ್ತೆ’. ಆ ಕತ್ತೆಯೇ ಸಮುದ್ರ ದಾಟಿ, ಸೈದಾಪೇಟೆಯ ಮೇಲಿಂದ ತುಳುನಾಡಿಗೆ ಬರುವಾಗ ಕೋಣವಾಗಿರಬೇಕು.

ಕಳೆದ ಸಲ ಊರಿಗೆ ಹೋದಾಗ ಇದನ್ನು ಮಾಸ್ಟ್ರಿಗೆ ಹೇಳಲೇಬೇಕೆಂದು ಅವರ ಮನೆಗೆ ಹೋದೆ. ಜಗಲಿಯಲ್ಲಿ ಎಲೆಯಡಿಕೆ ಹರಿವಾಣದ ಎದುರು ಕೂತಿದ್ದರು. ಹಲ್ಲಿಲ್ಲದ್ದರಿಂದ ಪುಟ್ಟ ಕುಟ್ಟಾಣಿಯಲ್ಲಿ ಅಡಿಕೆ ಕುಟ್ಟುತ್ತಾ ಎಲ್ಲ ಕೇಳಿದರು.

“ಎಷ್ಟು ವರ್ಷ ಬದುಕಿದ ಜನ ಅದು?”

“ನೂರ ಎರಡು, ಮಾಸ್ಟ್ರೇ. ಹೋದದ್ದು 1965ರಲ್ಲಿ.”

ಕುಟ್ಟಾಣಿ ನಿಂತಿತು. “ಎಲೆಯಡಿಕೆ?”

“ಇಲ್ಲ. ಹೊಗೆಸೊಪ್ಪು, ಕುಡಿತ ಒಂದೂ ಇಲ್ಲ.”

ಮಾಸ್ಟ್ರು ಕುಟ್ಟಿದ್ದನ್ನು ಬಾಯಿಗೆ ಹಾಕಿಕೊಂಡು, ದವಡೆಗೆ ಸರಿಸಿ, ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆಯನ್ನು ಸ್ವಲ್ಪ ಹೊತ್ತು ನೋಡಿದರು.

“ನೂರ ಎರಡು ವರ್ಷ, ಒಂದು ಕವಳ ಇಲ್ಲದೆ,” ಅಂದರು. “ಕೋಣ!”