‘ಹೋರಿ ನಮ್ಮ ಪಟ್ಟಿಯಲ್ಲಿ ಇಲ್ಲ ಸರ್!’

ಹದಿನಾಲ್ಕು ವರ್ಷ ನನ್ನ ಬಲಗೈಗೆ ಅಂಟಿಕೊಂಡಿದ್ದ ಕ್ಯಾಮೆರಾಕ್ಕೆ ದಸರೆಗೆ ಮುಂಚೆ ನಿವೃತ್ತಿ ಕೊಟ್ಟೆ. ಅದರ ತಪ್ಪೇನೂ ಇರಲಿಲ್ಲ. ಹಾವೇರಿಯ ಮದುವೆ ಮನೆಯವರು ಈಗೀಗ ರೇಟು ಕೇಳುವ ಮೊದಲು ‘ಯಾವ ಬಾಡಿ ಐತ್ರಿ ನಿಮ್ಮ ಹತ್ರ?’ ಎಂದು ಕೇಳುತ್ತಾರೆ. ಹತ್ತನೇ ಕ್ಲಾಸಿನ ಹುಡುಗ ಕೂಡ ಸ್ಟುಡಿಯೋ ಬಾಗಿಲಲ್ಲಿ ನಿಂತು ‘ಅಂಕಲ್, ಇನ್ನೂ ಡಿಎಸ್ಎಲ್ಆರಾ?’ ಎಂದು ಮರುಕಪಟ್ಟ ದಿನ ತೀರ್ಮಾನ ಮಾಡಿಬಿಟ್ಟೆ. ಹುಬ್ಬಳ್ಳಿಗೆ ಹೋಗಿ ಕಂತಿನ ಮೇಲೆ ಮಿರರ್‌ಲೆಸ್ ತಂದೆ. ಕಂಪನಿಯ ಹೆಸರು ಹೇಳುವುದಿಲ್ಲ. ಇನ್ನೂ ಹತ್ತೊಂಬತ್ತು ಕಂತು ಬಾಕಿ ಇವೆ.

ಬಾಡಿಗೆ ಮನೆ ಬದಲಿಸಿದವನು ನಡುರಾತ್ರಿ ಎದ್ದು ಲೈಟಿನ ಸ್ವಿಚ್ಚಿಗಾಗಿ ಗೋಡೆ ಸವರುತ್ತಾನಲ್ಲ, ಬಾಡಿ ಬದಲಿಸಿದವನ ಪಾಡೂ ಅದೇ. ಎಡಗೈ ತಾನಾಗಿ ಹೋಗುವ ಜಾಗದಲ್ಲಿ ಮೊದಲು ಮೋಡ್ ಡಯಲ್ ಇತ್ತು, ಈಗ ಅಲ್ಲಿ ವಿಡಿಯೋದ ಸ್ವಿಚ್ಚು ಕೂತಿದೆ. ಮೊದಲ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಫೋಟೋ ಎಂದುಕೊಂಡು ನಾನು ತೆಗೆದದ್ದು ನನ್ನ ಚಪ್ಪಲಿಯ ನಾಲ್ಕು ನಿಮಿಷದ ವಿಡಿಯೋ. ಇದಕ್ಕೊಂದು ವಿಚಾರಣೆ ಆಗಲೇಬೇಕು ಅನ್ನಿಸಿತು. ಸಂದರ್ಶನ ಶುರುವಾದದ್ದು ಸ್ಟುಡಿಯೋದ ಮೇಜಿನ ಮೇಲೆ. ಹಳೆಯದು ಅಲಮಾರಿಯಲ್ಲಿತ್ತು. ಅದನ್ನು ಯಾರೂ ಮಾತಾಡಿಸಿರಲಿಲ್ಲ, ತಾನೇ ಬಾಯಿ ಹಾಕಿತು.

ನಾನು: ನಮಸ್ಕಾರ. ಹಾವೇರಿ ಹೆಂಗ ಅನ್ನಿಸ್ತು?

ಹೊಸದು: ನಮಸ್ಕಾರ ಸರ್. ದಯವಿಟ್ಟು ಮೊದಲು ದಿನಾಂಕ, ಸಮಯ ಮತ್ತು ವಲಯವನ್ನು ಆಯ್ಕೆ ಮಾಡಿ.

ನಾನು: ಅದು ಆಮೇಲೆ. ಮೊದಲು ಹೇಳು, ನಿನ್ನೊಳಗಿನ ಕನ್ನಡಿ ಎಲ್ಲಿ ಹೋಯ್ತು?

ಹೊಸದು: ನನಗೆ ಕನ್ನಡಿ ಇರಲೇ ಇಲ್ಲ ಸರ್. ಸೋನಿ 2013ರಲ್ಲೇ ಪೂರ್ಣ ಫ್ರೇಮಿನ ಬಾಡಿಯಿಂದ ಅದನ್ನು ತೆಗೆದುಹಾಕಿತು. 2018ರಲ್ಲಿ ಕ್ಯಾನನ್, ನಿಕಾನ್ ಎರಡೂ ಅದೇ ದಾರಿ ಹಿಡಿದವು. ಅಂಗೈ ಹುಣ್ಣಿಗೇ ಕನ್ನಡಿ ಬೇಡವೆಂದು ನಿಮ್ಮ ಕಡೆಯೇ ಹೇಳುತ್ತಾರೆ. ಫೋಟೋಗೆ ಯಾಕೆ?

ಹಳೆಯದು (ಅಲಮಾರಿಯಿಂದ): ಯಜಮಾನ್ರ, ನಾ ಹೇಳ್ತೀನಿ ಕೇಳ್ರಿ. ಲೆನ್ಸಿನಿಂದ ಬಂದ ಬೆಳಕು ನನ್ನ ಕನ್ನಡಿಗೆ ಬಡದು ಮ್ಯಾಲೆ ಹೋಗಿ ನಿಮ್ಮ ಕಣ್ಣಿಗೆ ಬರ್ತಿತ್ತು. ಬಟನ್ ಒತ್ತಿದ ಕೂಡ್ಲೇ ಕನ್ನಡಿ ಟಪ್ ಅಂತ ಏಳ್ತಿತ್ತು, ನಿಮಗ ಕತ್ತಲಿ. ಫೋಟೋ ಬೀಳೋ ಹೊತ್ತಿನ್ಯಾಗ ನಿಮಗ ಏನಂದ್ರ ಏನೂ ಕಾಣ್ತಿದ್ದಿಲ್ಲ. ಹದಿನಾಲ್ಕು ವರ್ಷ ಹಂಗ ಕುರುಡ ನಂಬಿಕಿ ಮ್ಯಾಲೆ ಸಂಸಾರ ಮಾಡೀವಿ.

ಹೊಸದು: ನನ್ನಲ್ಲಿ ಕತ್ತಲೆಯೇ ಇಲ್ಲ ಹಿರಿಯರೇ. ಬೆಳಕು ನೇರವಾಗಿ ಸೆನ್ಸರಿಗೆ ಬೀಳುತ್ತದೆ, ಅದು ಕಂಡದ್ದನ್ನು ನಾನು ಸಣ್ಣ ಪರದೆಯಲ್ಲಿ ತೋರಿಸುತ್ತೇನೆ.

ಹಳೆಯದು: ಅಂದ್ರ ಟೀವಿ. ನಾನು ಕಿಟಕಿ ಇದ್ದೆ, ನೀನು ಟೀವಿ. ಕಿಟಕಿಗೆ ಕರೆಂಟ್ ಬೇಕಾಗಿಲ್ಲ ತಮ್ಮಾ.

ಈ ಕೊನೆಯ ಮಾತಿಗೆ ನಾನು ಸಾಕ್ಷಿ. ಹಳೆಯದಕ್ಕೆ ಒಂದು ಬ್ಯಾಟರಿ ಹಾಕಿದರೆ ಅರಿಷಿಣದಿಂದ ಆರತಕ್ಷತೆವರೆಗೆ ಬರುತ್ತಿತ್ತು. ಹೊಸದರ ಚೀಲದಲ್ಲಿ ನಾಲ್ಕು ಬ್ಯಾಟರಿ ಇಟ್ಟುಕೊಂಡಿದ್ದೇನೆ.

ನಾನು: ಸರಿ, ಲೆನ್ಸಿನ ವಿಷಯಕ್ಕೆ ಬರೋಣ. ನನ್ನ ಹಳೇ ಲೆನ್ಸು ನಿನಗ ಕೂಡಲಿಲ್ಲ. ಅಡಾಪ್ಟರ್ ತಂದೆ. ಬಿಚ್ಚಿ ನೋಡಿದರ ಒಳಗ ಏನೂ ಇಲ್ಲ, ಬರೀ ಗಾಳಿ!

ಹೊಸದು: ಆ ಗಾಳಿಯೇ ಮುಖ್ಯ ಸರ್. ಕನ್ನಡಿ ಏಳಲು ಇಳಿಯಲು ಜಾಗ ಬೇಕಿತ್ತು. ಕ್ಯಾನನ್‌ನ ಹಳೆಯ ಮೌಂಟಿನಿಂದ ಸೆನ್ಸರಿಗೆ 44 ಮಿಲಿಮೀಟರ್, ಹೊಸದರಲ್ಲಿ 20. ನಿಕಾನ್‌ನಲ್ಲಿ 46.5 ಇದ್ದದ್ದು 16ಕ್ಕೆ ಇಳಿದಿದೆ. ಹಳೆಯ ಲೆನ್ಸಿಗೆ ಅದರ ಹಳೆಯ ದೂರವೇ ಬೇಕು. ಕಳೆದುಹೋದ ಆ ಖಾಲಿ ಜಾಗವನ್ನು ನಿಮಗೆ ಬೇರೆಯಾಗಿ ಮಾರಲಾಗಿದೆ.

ಹಳೆಯದು: ನಮ್ಮ ಊರಾಗ ಇದಕ್ಕ ಸೈಟ್ ವ್ಯಾಪಾರ ಅಂತಾರ.

ಇನ್ನು ಮುಖ್ಯ ಆರೋಪ. ದೀಪಾವಳಿ ಪಾಡ್ಯ ಮುಗಿದರೆ ಹಾವೇರಿ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬದ ಕಾಲ. ಕೊರಳಿಗೆ ಕೊಬ್ಬರಿ ಬಟ್ಟಲಿನ ಹಾರ, ಕೊಂಬಿಗೆ ಬಲೂನು, ಮೈಮೇಲೆ ಜೂಲ. ಎರಡೂ ಬದಿಗೆ ಜನದ ಗೋಡೆ. ನಡುವಿನ ಓಣಿಯಲ್ಲಿ ಹೋರಿ ಸಿಡಿಮದ್ದಿನ ಹಾಗೆ ಹಾರಿ ಬರುತ್ತದೆ. ಕೊಬ್ಬರಿ ಹರಿಯಲು ಹುಡುಗರು ಮೇಲೆ ಬೀಳುತ್ತಾರೆ. ಫೋಟೋಗ್ರಾಫರಿಗೆ ಸಿಗುವುದು ಎರಡು ಸೆಕೆಂಡು, ಬೇಲಿ ಹಾರಿ ಓಡಲು ಇನ್ನೊಂದು.

ನಾನು: ಮೊದಲ ಅಖಾಡದಾಗ ಎಷ್ಟು ಫೋಟೋ ತೆಗೆದಿ?

ಹೊಸದು: 2,316. ಸೆಕೆಂಡಿಗೆ 40ರಂತೆ. ಅಷ್ಟೇ ಅಲ್ಲ ಸರ್, ತಾವು ಬಟನ್ ಒತ್ತುವ ಅರ್ಧ ಸೆಕೆಂಡು ಮೊದಲಿನವೂ ನನ್ನಲ್ಲಿ ಇರುತ್ತವೆ.

ನಾನು: ಅದರಾಗ ಹೋರಿ ಸ್ಪಷ್ಟ ಬಂದದ್ದು?

ಹೊಸದು: ಹೋರಿ ಎಂದರೆ?

ನಾನು: ಏನಪಾ! ಮುಂದ ಓಡಿ ಬಂತಲ್ಲ, ಐದು ಕ್ವಿಂಟಲ್‌ದ್ದು!

ಹೊಸದು: ಕ್ಷಮಿಸಿ. ನನಗೆ ಪ್ರಾಣಿಗಳು ಗೊತ್ತು. ನಾಯಿ, ಬೆಕ್ಕು, ಹಕ್ಕಿ, ಕುದುರೆ. ವಾಹನಗಳು ಗೊತ್ತು. ರೇಸ್ ಕಾರು, ಬೈಕು, ವಿಮಾನ, ರೈಲು. ಹೋರಿ ನಮ್ಮ ಪಟ್ಟಿಯಲ್ಲಿ ಇಲ್ಲ ಸರ್!

ನಾನು: ಮತ್ತ ಏನು ಹಿಡಿದಿ?

ಹೊಸದು: ಮನುಷ್ಯರ ಕಣ್ಣು. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಹಿಂದಿನ ಸಾಲಿನಲ್ಲಿ ಗಿರ್ಮಿಟ್ ತಿನ್ನುತ್ತಿದ್ದ ಹುಡುಗನ ಎಡಗಣ್ಣು 611 ಚಿತ್ರಗಳಲ್ಲಿ ಅತ್ಯಂತ ಸ್ಪಷ್ಟವಾಗಿದೆ. ರೆಪ್ಪೆಯ ಕೂದಲು ಎಣಿಸಬಹುದು. ಬಾಯಿಯ ಪಕ್ಕ ಅಂಟಿದ ಚುರುಮುರಿಯೂ ಇದೆ.

ಹಳೆಯದು: ಮುಂದ ಕರ್ರಗ ಮಸುಕ ಮಸುಕ ಏನೋ ಅಡ್ಡ ಬಂದೈತಿ ನೋಡ್ರಿ, ಅದ ಹೋರಿ.

ಆ ರಾತ್ರಿ ಎರಡು ಗಂಟೆಯವರೆಗೆ ಕೂತು ಫೋಟೋ ಆರಿಸಿದೆ. ಮದುವೆ ಮನೆಯ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರಲ್ಲ, ಇಲ್ಲಿ ಕಲ್ಲಿನಲ್ಲಿ ಅಕ್ಕಿ ಹುಡುಕಬೇಕು. ರೀಲಿನ ಕಾಲದಲ್ಲಿ ಮೂವತ್ತಾರಕ್ಕೆ ಮದುವೆಯೇ ಮುಗಿಯುತ್ತಿತ್ತು ಎಂದು ಹೇಳಿಕೊಳ್ಳುವ ವಯಸ್ಸು ನನಗೂ ಬಂತು. ಹೋರಿಯ ಯಜಮಾನ ಮರುದಿನ ಬಂದು ಲ್ಯಾಪ್‌ಟಾಪ್ ನೋಡಿ ‘ಈ ಹುಡುಗ ಯಾರ ಪೈಕಿರಿ?’ ಎಂದಷ್ಟೇ ಕೇಳಿ ಎದ್ದುಹೋದರು.

ಎರಡನೇ ಸುತ್ತಿನ ವಿಚಾರಣೆ ರಾಣೆಬೆನ್ನೂರಿನಲ್ಲಿ, ಕೃಷ್ಣಮೃಗ ಅಭಯಾರಣ್ಯದ ಅಂಚಿನಲ್ಲಿ. 1974ರಲ್ಲಿ ಘೋಷಣೆಯಾದ ಈ 119 ಚದರ ಕಿಲೋಮೀಟರಿನ ಕಾಡಿನಲ್ಲಿ ಹೊರಗಿನವರು ಹುಲ್ಲುಗಾವಲು ನೋಡಲು ಬಂದು ನೀಲಗಿರಿ ತೋಪು ನೋಡಿ ಹೋಗುತ್ತಾರೆ. ಒಂದು ಕಾಲಕ್ಕೆ ಎರೆಭೂತ ಹಕ್ಕಿಗೂ ಹೆಸರಾಗಿದ್ದ ಜಾಗ. ಈಗ ಅದರ ಫೋಟೋ ತೆಗೆಯಲು ಯಾವ ಬಾಡಿಯೂ ಸಾಲದು.

ನಾನು: ಇಲ್ಲಿ ನೀನು ಚಲೋ ಕೆಲಸ ಮಾಡಿದಿ ಅಂತ ಒಪ್ಪಿಕೊಳ್ತೀನಿ. ಗಂಡು ಚಿಗರಿ ಕಂಡ ಕೂಡಲೇ ಕಣ್ಣಿನ ಮ್ಯಾಲೆ ಚೌಕ ಬಿತ್ತು.

ಹೊಸದು: ಕುದುರೆ ಎಂದುಕೊಂಡೆ ಸರ್.

ನಾನು: ಇರಲಿ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಮ್ಯಾಲೆ ಹನ್ನೆರಡರ ಬಿಸಿಲು. ಹಳೇದರಾಗ ಬೆನ್ನು ಉಳಿಸಿದರ ಹೊಟ್ಟೆ ಸುಟ್ಟು ಹೋಗ್ತಿತ್ತು. ನೀನು ಎರಡೂ ಉಳಿಸಿದಿ.

ಹಳೆಯದು: ಹೊಗಳ್ರಿ, ಹೊಗಳ್ರಿ. ಕಂತು ಕಟ್ಟೋರು ನೀವ.

ಹೊಸದು: ಮುಖ್ಯವಾಗಿ ನಾನು ಸದ್ದು ಮಾಡಲಿಲ್ಲ. ಎಲೆಕ್ಟ್ರಾನಿಕ್ ಶಟರ್. ಹಿರಿಯರು ಒಮ್ಮೆ ‘ಠಕ್’ ಎಂದರೆ ಹಿಂಡೇ ಓಡುತ್ತಿತ್ತಂತೆ.

ನಿಜ. ಆದರೆ ಸದ್ದೇ ಇಲ್ಲದಿದ್ದರೆ ತೆಗೆದೆನೋ ಇಲ್ಲವೋ ಎಂದು ಬೆರಳಿಗೆ ಹೇಗೆ ಗೊತ್ತಾಗಬೇಕು? ಒತ್ತಿದ್ದೇ ಒತ್ತಿದ್ದು. ಚಿಗರಿಗಳು ಹೋಗಿ ಅರ್ಧ ನಿಮಿಷವಾದರೂ ನಾನು ಹುಲ್ಲಿನ ಫೋಟೋ ತೆಗೆಯುತ್ತಲೇ ಇದ್ದೆ.

ಇದೇ ತಾಲೂಕಿನ ದೇವರಗುಡ್ಡದಲ್ಲಿ ದಸರೆಗೆ ಮಾಲತೇಶನ ಕಾರಣಿಕ ನಡೆಯುತ್ತದೆ. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕೂಗಿದರೆ ಇಡೀ ಗುಡ್ಡ ಉಸಿರು ಹಿಡಿಯುತ್ತದೆ. ಬಳಿಕ ಮುಂದಾಗುವುದರ ಬಗ್ಗೆ ಒಂದೇ ಮಾತು, ಮೇಲಿನಿಂದ ಬೀಳುತ್ತಾನೆ, ಮುಗಿಯಿತು. ಆ ನಿಶ್ಶಬ್ದದಲ್ಲಿ ಹಳೆಯದು ‘ಠಕ್’ ಎಂದಾಗ ಅಕ್ಕಪಕ್ಕದವರು ನನ್ನನ್ನು ತಿರುಗಿ ನೋಡಿದ ನೋಟ ಇನ್ನೂ ಮರೆತಿಲ್ಲ. ಅದಕ್ಕೇ ಹೊಸದನ್ನು ಕೈಗೆ ಬಂದ ವಾರದಲ್ಲೇ ಅಲ್ಲಿಗೆ ಒಯ್ದಿದ್ದೆ.

ನಾನು: ಸದ್ದಿಲ್ಲದೆ ತೆಗೆದಿ, ಒಪ್ಪಿದೆ. ಆದರೆ ಬಿಲ್ಲು ಯಾಕ ಓರೆ ಬಂತು?

ಹೊಸದು: ತಾವು ಬೀಳುವವರ ಜೊತೆ ನನ್ನನ್ನೂ ಸರ್ರನೆ ತಿರುಗಿಸಿದಿರಿ. ಎಲೆಕ್ಟ್ರಾನಿಕ್ ಶಟರಿನಲ್ಲಿ ನಾನು ಚಿತ್ರವನ್ನು ಸಾಲು ಸಾಲಾಗಿ ಓದುತ್ತೇನೆ. ಮೇಲಿನ ಸಾಲು ಓದಿ ಕೆಳಗಿನದಕ್ಕೆ ಬರುವಷ್ಟರಲ್ಲಿ ಬಿಲ್ಲು ಫ್ರೇಮಿನಲ್ಲಿ ಬೇರೆ ಕಡೆ ಇತ್ತು. ಸದ್ದು ಮಾಡಲು ಬಿಟ್ಟಿದ್ದರೆ ನೆಟ್ಟಗೆ ಬರುತ್ತಿತ್ತು.

ಹಳೆಯದು: ಮುಂದಾಗೋದು ಅರ್ಧ ಸೆಕೆಂಡು ಮೊದಲ ತಿಳೀತೈತಿ ಅಂದಿ. ಮತ್ತ ಗೊರವಯ್ಯನ ಕೆಲಸಕ್ಕ ಅರ್ಜಿ ಹಾಕಬಾರದೇನು ತಮ್ಮಾ?

ಮೂರನೇ ಸುತ್ತು ಬ್ಯಾಡಗಿ. ಸೋಮವಾರದ ಸಂತೆ, ಚೀಲಗಳ ಗುಡ್ಡ, ಎಲ್ಲಿ ನೋಡಿದರೂ ಕೆಂಪು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಡಬ್ಬಿ ತಳಿ ಇರಲಿ, ಕಡ್ಡಿ ತಳಿ ಇರಲಿ, ಅದರ ಬಣ್ಣ ಹಿಂಡಿ ಮಾಡಿದ ಓಲಿಯೋರೆಸಿನ್ ಅಡುಗೆಯಿಂದ ಹಿಡಿದು ತುಟಿಯ ರಂಗಿನವರೆಗೆ ಹೋಗುತ್ತದೆ. ಅಂದರೆ ಇಲ್ಲಿ ಬಣ್ಣವೇ ದುಡ್ಡು. ಒಬ್ಬ ವ್ಯಾಪಾರಿ ತನ್ನ ಮಾಲಿನ ಫೋಟೋ ತೆಗೆಸಲು ಕರೆದಿದ್ದರು. ಪರದೆ ನೋಡಿದವರೇ ‘ಏನ್ರೀ ಇದು, ಹಣ್ಣಾಗದ ಟೊಮ್ಯಾಟೊ ಮಾಡೀರಲ್ಲ!’ ಎಂದರು.

ನಾನು: ಕೆಂಪು ಎಲ್ಲಿ ಹೋಯ್ತು?

ಹೊಸದು: ಚೌಕಟ್ಟಿನ ತುಂಬ ಒಂದೇ ಬಣ್ಣ ಕಂಡಾಗ ಬೆಳಕೇ ಕೆಟ್ಟಿದೆ ಎಂದು ಭಾವಿಸಿ ಸರಿಪಡಿಸಿದೆ ಸರ್. ಆಟೋ ವೈಟ್ ಬ್ಯಾಲೆನ್ಸ್. ಜಗತ್ತು ಇಷ್ಟು ಕೆಂಪಾಗಿರಲು ಸಾಧ್ಯವಿಲ್ಲ.

ಹಳೆಯದು: ಜಗತ್ತಿನಾಗ ಇರಲಿಕ್ಕಿಲ್ಲ. ಬ್ಯಾಡಗ್ಯಾಗ ಐತಿ.

ನಾನು: ಆಮೇಲೆ ನಾನೇ ಕೈಯಿಂದ ಸೆಟ್ ಮಾಡಿದೆ. ಆಗ ಕೆಂಪು ಬಂತು, ಸುಕ್ಕು ಹೋಯ್ತು!

ಹೊಸದು: ತಾವು ಪ್ರಖರತೆಯ ಒಂದೇ ಗ್ರಾಫ್ ನೋಡಿದಿರಿ. ಕೆಂಪಿನ ಗ್ರಾಫ್ ಬೇರೆ ಇದೆ, ಅದು ಬಲಗೋಡೆಗೆ ಬಡಿದು ನಿಂತಿತ್ತು. ಒಂದು ಸ್ಟಾಪ್ ಇಳಿಸಬೇಕಿತ್ತು. ಮೆನುವಿನ ಮೂರನೇ ಪುಟ.

ಸುಕ್ಕೇ ಕಾಣದ ಬ್ಯಾಡಗಿ ಮೆಣಸಿನಕಾಯಿ ಬ್ಯಾಡಗಿಯದೇ ಅಲ್ಲ ಎಂದು ಅಲ್ಲಿಯ ಹಮಾಲರ ಮಕ್ಕಳಿಗೂ ಗೊತ್ತು. ಅದೇ ಗಡಿಬಿಡಿಯಲ್ಲಿ ಅಂಗಳದ ನಡುವೆ ನಿಂತು ಲೆನ್ಸ್ ಬದಲಿಸಿದೆ. ಇದು ಪೂರ್ತಿ ನನ್ನ ಪಾಪ. ಹಳೆಯದರಲ್ಲಿ ಲೆನ್ಸ್ ಬಿಚ್ಚಿದರೆ ಕಾಣುವುದು ಕನ್ನಡಿ, ಅದರ ಹಿಂದೆ ಶಟರಿನ ಪರದೆ, ಅದರ ಹಿಂದೆ ಸೆನ್ಸರ್. ಹೊಸದರಲ್ಲಿ ಸೆನ್ಸರು ಬಾಗಿಲಲ್ಲೇ ಬತ್ತಲೆ ನಿಂತಿರುತ್ತದೆ. ಮೆಣಸಿನಕಾಯಿ ದೂಳಿಗೆ ನಾನು ಏಳು ಸಲ ಸೀನಿದೆ. ಅದು ಸೀನಲಿಲ್ಲ. ಅಂದಿನಿಂದ ನನ್ನ ಎಲ್ಲ ಆಕಾಶಗಳಲ್ಲೂ ಮೂರು ಕರಿ ಚುಕ್ಕೆ ಹಾರುತ್ತಿವೆ. ಮದುವೆಯವರಿಗೆ ಹದ್ದು ಎಂದು ಹೇಳುತ್ತಿದ್ದೇನೆ.

ನಾನು: ಕೊನೇ ಪ್ರಶ್ನೆ. ಇದೇ ಮಾರುಕಟ್ಟಿಯೊಳಗ 2024ರ ಮಾರ್ಚ್ 11ರಂದು ದರ ಬಿದ್ದು ರೈತರು ಸಿಟ್ಟಿಗೆದ್ದು ಗಾಡಿಗೆ ಬೆಂಕಿ ಬಿತ್ತು. ಅಂಥ ದಿನ ನೀನು ಇದ್ದಿದ್ದರ?

ಹೊಸದು: ಕಡಿಮೆ ಬೆಳಕಿನಲ್ಲೂ, ಹೊಗೆಯಲ್ಲೂ, ಗುಂಪಿನಲ್ಲಿ ಪ್ರತಿಯೊಬ್ಬರ ಕಣ್ಣನ್ನೂ...

ಹಳೆಯದು: ಸುಮ್ಮನಿರು ತಮ್ಮಾ. ಯಜಮಾನ್ರ, ಆ ದಿನ ನಾ ನಿಮ್ಮ ಚೀಲದಾಗ ಇದ್ದೆ. ಬ್ಯಾಟರಿ ಫುಲ್ ಇತ್ತು. ಚೈನ್ ತಗೀಲಿಲ್ಲ ನೀವು.

ಈ ಪ್ರಶ್ನೆ ಕೇಳಬಾರದಿತ್ತು. ನಾನು ಅಂದು ಮೋಟಾರ್ ಸೈಕಲ್ ತಿರುಗಿಸಿಕೊಂಡು ಹಾವೇರಿ ರಸ್ತೆ ಹಿಡಿದಿದ್ದೆ. ಅಲ್ಲಿ ಬಾಡಿಯ ಪ್ರಶ್ನೆ ಇರಲಿಲ್ಲ.

ಸಂದರ್ಶನ ಮುಗಿಸಿ ಎರಡನೇ ಅಖಾಡಕ್ಕೆ ಹೊರಟಾಗ ಎರಡನ್ನೂ ಒಯ್ದೆ. ಹೊಸದು ಎದೆಯ ಮೇಲೆ, ಊರ ಜನ ನೋಡಲೆಂದು. ಹಳೆಯದು ಕೈಯಲ್ಲಿ. ಹೋರಿ ಬಿಡುವ ಜಾಗಕ್ಕೆ ಬೆನ್ನು ಹಾಕಿ, ಅದು ಬಂದು ತಿರುಗುವ ಮೂಲೆಗೆ ಮೊದಲೇ ಕೈಯಿಂದ ಫೋಕಸ್ ಮಾಡಿ ನಿಂತೆ. ಜನದ ಕೂಗು ಬಂದ ದಿಕ್ಕಿನಿಂದಲೇ ಹೋರಿ ಎಷ್ಟು ದೂರವಿದೆ ಎಂದು ಗೊತ್ತಾಗುತ್ತದೆ. ಎರಡು ಸಲ ‘ಠಕ್’ ಅಂದಿತು. ಒಂದರಲ್ಲಿ ನೆಲ. ಇನ್ನೊಂದರಲ್ಲಿ ನಾಲ್ಕೂ ಕಾಲು ಗಾಳಿಯಲ್ಲಿ, ಹರಿದ ಹಾರದ ಕೊಬ್ಬರಿ ಬಟ್ಟಲು ಒಂದೊಂದೂ ಬೇರೆಬೇರೆ, ಹೋರಿಯ ಕಣ್ಣು ನೇರ ನನ್ನ ಮೇಲೆ.

ಹೊಸದು (ಎದೆಯ ಮೇಲಿಂದ): ಸರ್, ಆ ಫೈಲನ್ನು ನನಗೆ ಕಳಿಸುವಿರಾ? ಕಲಿತುಕೊಳ್ಳುತ್ತೇನೆ.

ಕಳಿಸಲು ಆಗುತ್ತಿಲ್ಲ. ಹಳೆಯದರಲ್ಲಿರುವುದು ದಪ್ಪನೆಯ ಸಿಎಫ್ ಕಾರ್ಡು. ನನ್ನ ಕಾರ್ಡ್ ರೀಡರಿನ ಒಂದು ಪಿನ್ನು ಬಾಗಿದೆ, ಬಾಡಿಯಲ್ಲಿ ಕೇಬಲ್ ಚುಚ್ಚುವ ತೂತು ಎಂದೋ ಸವೆದಿದೆ, ಹುಬ್ಬಳ್ಳಿಯ ಅಂಗಡಿಯವರು ‘ಈಗ ಅದು ಬರಂಗಿಲ್ಲ ಸರ್’ ಅಂದರು. ಹೋರಿಯ ಯಜಮಾನರು ದಿನಾ ಸ್ಟುಡಿಯೋಕ್ಕೆ ಬಂದು ಆ ಮೂರಿಂಚಿನ ಪರದೆಯಲ್ಲೇ ಹೋರಿಯನ್ನು ನೋಡಿ ಹೋಗುತ್ತಿದ್ದಾರೆ, ಬ್ಯಾಟರಿ ಉಳಿಸಲು ನಾನು ಅರ್ಧ ನಿಮಿಷಕ್ಕೇ ಆರಿಸುತ್ತಿದ್ದೇನೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಯಾರ ಅಟ್ಟದ ಮೇಲಾದರೂ ಹಳೆಯ ಸಿಎಫ್ ಕಾರ್ಡ್ ರೀಡರ್ ಬಿದ್ದಿದ್ದರೆ ಒಂದು ದಿನದ ಮಟ್ಟಿಗೆ ಕೊಡಿ. ಬಾಡಿ ಮಾತ್ರ ಮಾರಾಟಕ್ಕಿಲ್ಲ, ಅದನ್ನು ಕೇಳಬೇಡಿ.